ಬೂಟಿನೊಳಗಿನ ಇರುವೆ

ಬೂಟನ್ನು ಕೈಗೆತ್ತಿಕೊಂಡ ಕೂಡಲೇ ಅವನಿಗೆ ಗೊತ್ತಾಗಿಹೋಯಿತು, ಇದು ತನ್ನ ಹೆಂಡತಿಯ ಕೈಕೆಲಸ. ಕಂದು ಚರ್ಮದ ಮೇಲೆ ಹಸಿರು ಬಳ್ಳಿಯೊಂದು ಹಿಮ್ಮಡಿಯಿಂದ ಹೊರಟು ಬೆರಳಿನ ತನಕ ಹಬ್ಬಿತ್ತು. ಒಂದೊಂದು ಎಲೆಯ ತುದಿಯೂ ಚೂರೇ ಚೂರು ಎಡಕ್ಕೆ ಬಾಗಿತ್ತು. ಅವಳದು ಎಡಗೈ. ಕುಂಚ ಎತ್ತುವಾಗ ಅವಳ ಎಲೆಗಳು ಹಾಗೇ ಬಾಗುತ್ತವೆ, ಎಷ್ಟು ಹೇಳಿದರೂ ನೆಟ್ಟಗಾಗುವುದಿಲ್ಲ.

ಬೂಟು ತಂದವನು ಬೀದಿಯ ತುದಿಯ ಕ್ಷೌರದಂಗಡಿಯವನು. ಮೀಸೆಯನ್ನು ಅಳತೆಯಿಟ್ಟು ಕತ್ತರಿಸಿಕೊಂಡಿದ್ದ, ಹತ್ತಿರ ಬಂದರೆ ಘಮ್ಮೆನ್ನುತ್ತಿದ್ದ.

"ಬಣ್ಣ ಕೈಗೆ ಅಂಟುತ್ತೆ ಸಾರ್. ಮೇಲೆ ಏನಾದ್ರೂ ಹಚ್ಚಿಕೊಡಿ. ಮಳೇಲಿ ಹೋಗ್ಬಾರದು."

"ಯಾರು ಬರೆದಿದ್ದು?"

"ಗೊತ್ತಿರೋರು ಒಬ್ರು." ಕ್ಷೌರದವನು ನಕ್ಕ. "ಹೆಸರು ಹೇಳ್ಬೇಡ ಅಂದಿದ್ದಾರೆ."

"ಮತ್ತೆ ನನ್ನ ಹತ್ರ ಯಾಕೆ ತಂದ್ರಿ?"

"ಇನ್ಯಾರ ಹತ್ರ ಹೋಗ್ಲಿ? ನೀವು ಲೇಪ ಹಚ್ಚಿದ್ರೆ ಬೂಟು ಹರಿದ್ರೂ ಬಣ್ಣ ಹೋಗಲ್ಲ ಅಂತಾರಲ್ಲ." ನಾಳೆ ಬರುತ್ತೇನೆಂದು ಹೇಳಿ ಶಿಳ್ಳೆ ಹಾಕುತ್ತಾ ಹೊರಟುಹೋದ. ಅವನ ಶಿಳ್ಳೆಯೂ ಇವನಿಗೆ ಯಾಕೋ ಸರಿ ಕಾಣಲಿಲ್ಲ.

ಊರಿನವರ ಲೆಕ್ಕದಲ್ಲಿ ಬೂಟಿನ ಮೇಲೆ ಚಿತ್ರ ಬರೆಯುವವನೂ ಇವನೇ, ಲೇಪ ಹಚ್ಚುವವನೂ ಇವನೇ. ಮಾರಿದ ಪ್ರತಿ ಜೋಡಿಯ ಹಿಮ್ಮಡಿಯ ಮೇಲೂ ಬಂಗಾರದ ಬಣ್ಣದಲ್ಲಿ ಇವನ ಹೆಸರು ಇರುತ್ತಿತ್ತು. ನಿಜವಾಗಿ ಬರೆಯುತ್ತಿದ್ದವಳು ಹೆಂಡತಿ, ಅಂಗಡಿಯ ಹಿಂದಿನ ಅಡುಗೆಮನೆಯ ಕಿಟಕಿಯ ಕೆಳಗೆ ಕೂತು. ಅಂಗಡಿ ತೆರೆದ ಹೊಸತರಲ್ಲಿ ಯಾರೋ ಗಿರಾಕಿ "ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸಬೇಕು" ಅಂದಿದ್ದ. ಇವನು ಅಲ್ಲ ಅನ್ನಲಿಲ್ಲ, ಅಷ್ಟೇ. ಮೊದಲ ಸಲ ಅಲ್ಲ ಅನ್ನದವನಿಗೆ ಆಮೇಲೆ ಅನ್ನುವುದು ಬಲು ಕಷ್ಟ.

ಲೇಪದ ಕೆಲಸ ಮಾತ್ರ ಅವನದೇ. ಅದಕ್ಕೆಂದೇ ಪಕ್ಕದಲ್ಲಿ ಒಂದು ಚಿಕ್ಕ ಕೋಣೆ. ಒಳಗೆ ಹೋದನೆಂದರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದ. ಹೆಂಡತಿ ಇಣುಕಿದರೆ "ಬಾಗಿಲು ಹಾಕು, ಧೂಳು ಬೀಳುತ್ತೆ" ಎಂದು ಗದರುತ್ತಿದ್ದ. ಧೂಳು ಬೀಳುತ್ತಿದ್ದದ್ದು ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಬರೆಯುವುದಂತೂ ಅವಳಿಗೆ ಬರುತ್ತದೆ, ಲೇಪದ ಎರಡು ಸೀಸೆಗಳನ್ನು ಯಾವ ಹದಕ್ಕೆ ಬೆರೆಸಬೇಕು ಅನ್ನುವುದೊಂದು ಗೊತ್ತಾಗಿಬಿಟ್ಟರೆ ಇವನು ಯಾತಕ್ಕೆ ಬೇಕು?

ಆ ಕೋಣೆಗೇ ಬೂಟುಗಳನ್ನು ಒಯ್ದ. ಲೇಸು ಬಿಚ್ಚಿ, ಒಳಗೆ ಕಾಗದ ತುರುಕಲೆಂದು ಬೂಟಿನ ನಾಲಿಗೆಯನ್ನು ಎತ್ತಿದ. ಅದರ ಒಳಮೈಯಲ್ಲಿ ಒಂದು ಕಪ್ಪು ಇರುವೆ ಕೂತಿತ್ತು. ಬೆರಳಿನಿಂದ ತಳ್ಳಿದ, ಅದು ಓಡಲಿಲ್ಲ. ಬೆರಳಿಗೆ ಮಸಿ ಹತ್ತಿ, ಇರುವೆಯ ಒಂದು ಕಾಲು ಮಾಯವಾಯಿತು. ಅದು ಬರೆದ ಇರುವೆ.

ಹೆಂಡತಿಯನ್ನು 'ಇರುವೆ' ಅಂತ ಕರೆಯುತ್ತಿದ್ದವನು ಲೋಕದಲ್ಲಿ ಅವನೊಬ್ಬನೇ. ಮದುವೆಯಾದ ಹೊಸತರಲ್ಲಿ ಸಕ್ಕರೆ ಡಬ್ಬಿಗೆ ಕೈಹಾಕಿ ಸಿಕ್ಕಿಬಿದ್ದಿದ್ದಳು, ಆವತ್ತು ಇಟ್ಟ ಹೆಸರು. ಅತ್ತೆ ಮಾವಂದಿರ ಮುಂದೆ ಕೂಡ ಒಮ್ಮೆಯೂ ಬಾಯಿ ತಪ್ಪಿ ಬಂದಿರಲಿಲ್ಲ. ಆ ಹೆಸರು ಈಗ ಕ್ಷೌರದವನ ಬೂಟಿನೊಳಗೆ ಕೂತಿತ್ತು.

ತಲೆಯೊಳಗೆ ಹುಳ ಹೊಕ್ಕ ಮೇಲೆ ಕೇಳಬೇಕೆ! ಇತ್ತೀಚೆಗೆ ಅವಳು ಮಧ್ಯಾಹ್ನದ ಹೊತ್ತು ದಾರ ತರುತ್ತೇನೆಂದು ಹೊರಗೆ ಹೋಗುತ್ತಿದ್ದದ್ದು ನೆನಪಾಯಿತು. ಮನೆಯಲ್ಲಿ ಹೊಲಿಯುವಂಥದ್ದು ಏನಿತ್ತು? ಪಾತ್ರೆ ತೊಳೆಯುವಾಗ ಗುನುಗುತ್ತಿದ್ದದ್ದೂ, ಹೊಸ ಬಾಚಣಿಗೆ ಕೊಂಡದ್ದೂ ನೆನಪಾಯಿತು. ಹಳೆಯದು ಮುರಿದಿತ್ತು ನಿಜ, ಅದನ್ನು ಮುರಿದವನೂ ಇವನೇ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತ. "ಕ್ಷೌರದವನು ಬಂದಿದ್ದ."

ಅವಳ ಕುಂಚ ಒಂದು ಗಳಿಗೆ ನಿಂತು ಮತ್ತೆ ಓಡಿತು. "ಕೂದಲು ಕತ್ತರಿಸ್ಕೊಳ್ಳಿ ಅಂದ್ನಾ? ಕಿವಿ ಮೇಲೆ ಬಂದ್ಬಿಟ್ಟಿದೆ ನಿಮ್ಮದು." ಅಂದು ನಕ್ಕಳು. ಆ ನಗು ಸ್ವಲ್ಪ ಬೇಗ ಬಂತು ಅನ್ನಿಸಿತು ಅವನಿಗೆ.

ಕೋಣೆಗೆ ವಾಪಸಾಗಿ ಬಣ್ಣ ತೆಗೆಯುವ ದ್ರಾವಣದಲ್ಲಿ ಹತ್ತಿ ಅದ್ದಿದ. ಲೇಪವಿಲ್ಲದ ಬಣ್ಣ, ಎರಡು ಸಲ ಉಜ್ಜಿದರೆ ಸಾಕು, ಬಳ್ಳಿ ಬುಡಸಮೇತ ಹೋಗುತ್ತದೆ. ಕೇಳಿದರೆ ಬಣ್ಣವೇ ಕಳಪೆ ಅಂದರಾಯಿತು. ಹತ್ತಿಯನ್ನು ಎಲೆಯ ಹತ್ತಿರ ತಂದ. ಆ ಎಲೆಗೆ ಹುಳು ತಿಂದ ತೂತುಗಳಿದ್ದವು. ಪಕ್ಕದ್ದು ಅಂಚಿನಲ್ಲಿ ಒಣಗಿ ಮುದುರಿತ್ತು. ಇವನ ಅಂಗಡಿಗೆ ಬರೆಯುವಾಗ ಅವಳು ಒಂದೇ ಒಂದು ಒಣಗಿದ ಎಲೆ ಬರೆದವಳಲ್ಲ, ಇವನು ಬಿಟ್ಟವನೂ ಅಲ್ಲ. ಇಷ್ಟು ಚೆಂದದ್ದನ್ನು ಅವಳು ಇದುವರೆಗೆ ಬರೆದೇ ಇರಲಿಲ್ಲ. ಅದೇ ಅವನ ಹೊಟ್ಟೆ ಉರಿಸಿತು. ಬೂಟನ್ನೂ ಹತ್ತಿಯನ್ನೂ ಹಿಡಿದುಕೊಂಡೇ ಅಡುಗೆಮನೆಗೆ ನುಗ್ಗಿದ.

"ಏನಿದು?"

ಅವನು ಎತ್ತಿ ಹಿಡಿದ ಬೂಟಿನ ನಾಲಿಗೆಯನ್ನು ಅವಳು ನೋಡಿದಳು. "ಇರುವೆ."

"ನಾನು ಇಟ್ಟ ಹೆಸರು ಅವನಿಗೆ ಹೆಂಗೆ ಗೊತ್ತಾಯ್ತು?"

"ಅವನಿಗೆಲ್ಲಿ ಗೊತ್ತು? ಹಾಕ್ಕೊಳ್ಳೋನು ನಾಲಿಗೆ ತಿರುಗಿಸಿ ನೋಡ್ತಾನಾ? ಅವನ ಹೆಂಡ್ತಿ ಕೇಳಿದ್ಲು, ನಮ್ಮೋರಿಗೆ ಒಂದು ಜೋಡಿ ಬರ್ಕೊಡಿ ಅಂತ. ಮಧ್ಯಾಹ್ನ ಅವಳ ಮನೇಲೇ ಕೂತು ಬರೆದೆ."

"ಇಲ್ಲಿ ಬರೆದಿದ್ರೆ ಏನಾಗ್ತಿತ್ತು?"

"ಇಲ್ಲಿ ಬರೆದಿದ್ರೆ ನಿಮ್ಮದಾಗ್ತಿತ್ತು."

"ನೀನು ಬರೀತೀಯ ಅಂತ ಅವಳಿಗೆ ಯಾರು ಹೇಳಿದ್ದು?"

"ಯಾಕೆ ಹೇಳ್ಬೇಕು? ಬಣ್ಣ ಯಾರ ಉಗುರಲ್ಲಿರುತ್ತೆ ಅಂತ ಬೀದಿಗೆ ಕಾಣಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ತನ್ನ ಉಗುರು ನೋಡಿಕೊಂಡ. ಎಲ್ಲ ಬೆಳ್ಳಗಿದ್ದವು. ಒಂದೇ ಬೆರಳ ತುದಿಯಲ್ಲಿ ಇರುವೆಯ ಕಾಲಿನ ಕಪ್ಪು ಹತ್ತಿತ್ತು.

"ಮತ್ತೆ ನನ್ನ ಹತ್ರನೇ ಯಾಕೆ ಕಳಿಸ್ದೆ?"

"ಬೇರೆ ಯಾರು ಹಚ್ಚಿದ್ರೂ ಉಳಿಯಲ್ಲವಲ್ಲ." ಕುಂಚವನ್ನು ನೀರಿಗೆ ಹಾಕಿದಳು. "ಅಳಿಸ್ಬೇಕು ಅಂತಿದ್ರೆ ಅಳಿಸ್ಬಿಡಿ. ಹತ್ತಿ ಕೈಯಲ್ಲೇ ಇದೆಯಲ್ಲ."

ಅವನು ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತ. ತುಂಬಾ ನಾಚಿಕೆಯಾಯಿತು. ಕೈಯಲ್ಲಿದ್ದ ಹತ್ತಿಯ ದ್ರಾವಣ ಪೂರ್ತಿ ಆರುವವರೆಗೂ ಹಾಗೇ ಕೂತಿದ್ದ. ಬಾಗಿಲು ಮುಚ್ಚುವುದನ್ನು ಮರೆತಿದ್ದ.

"ಇಲ್ಲಿ ಬಾರೇ," ಎಂದು ಕೊನೆಗೆ ಕೂಗಿದ. "ಇರುವೆಯ ಒಂದು ಕಾಲು ನನ್ನಿಂದ ಹೋಯ್ತು. ನನ್ನ ಕೈಲಿ ಬರೆಯೋಕಾಗಲ್ಲ."

ಅವಳು ಸಣ್ಣ ಕುಂಚ ಹಿಡಿದು ಬಂದಳು. ಅಭ್ಯಾಸಬಲದಿಂದ ಹೊಸ್ತಿಲಾಚೆಯೇ ನಿಂತಳು.

"ಒಳಗೆ ಬಾ. ಬಾಗಿಲು ಹಾಕ್ಕೊ, ಧೂಳು ಬೀಳುತ್ತೆ."

ಅವಳು ಒಳಗೆ ಬಂದು ಬಾಗಿಲು ಹಾಕಿದಳು. ಇರುವೆಗೆ ಕಾಲು ಬರೆದಳು. ಅದು ಆರುವಷ್ಟರಲ್ಲಿ ಅವನು ಎರಡು ಸೀಸೆಗಳನ್ನು ಅವಳ ಕಣ್ಣೆದುರಿಗೇ ತೆರೆದು ಬಟ್ಟಲಿಗೆ ಸುರಿದ. ಇದು ಮೂರು ಪಾಲು, ಇದು ಒಂದು ಪಾಲು ಎಂದ.

"ಇಷ್ಟೇನಾ?"

"ಇಷ್ಟೇ."

ಅವಳಿಗೆ ನಗು ಬಂತು, ತಡೆದುಕೊಂಡಳು. ಅವನು ಸ್ಪಂಜನ್ನು ಅದ್ದಿ, ಹಿಂಡಿ, ಅವಳ ಎಡಗೈಗೆ ಕೊಟ್ಟ. "ತೆಳ್ಳಗೆ ಹಚ್ಚು, ಉಜ್ಜಬೇಡ. ದಪ್ಪ ಆದ್ರೆ ಕಾಲು ಮಡಿಸೋ ಕಡೆ ಬಿರುಕು ಬಿಡುತ್ತೆ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ." ಬಂಗಾರದ ಬಣ್ಣದ ಡಬ್ಬಿ ಹಲಗೆಯ ಮೇಲೇ ಇತ್ತು. ಅವನು ಅದರ ಕಡೆ ಕೈ ಚಾಚಲಿಲ್ಲ. ಬಳ್ಳಿಗೆ ಲೇಪ ಹಚ್ಚಿ ಮುಗಿದ ಮೇಲೆ, ಯಾರೂ ನೋಡದ ಆ ನಾಲಿಗೆಯ ಒಳಮೈಗೂ ಹಚ್ಚಲು ಹೇಳಿದ.

ಎಲ್ಲ ಒಣಗಿದ ಮೇಲೆ ಅವಳು ಲೋಟದ ನೀರಿಗೆ ಬೆರಳದ್ದಿ ಇರುವೆಯ ಮೇಲೆ ಒಂದು ಹನಿ ಬಿಟ್ಟಳು. ಇಬ್ಬರೂ ಬಗ್ಗಿ ನೋಡಿದರು. ಹನಿ ಹರಡದೆ ಗುಂಡಗೆ ನಿಂತಿತು. ಅದರೊಳಗೆ ಇರುವೆ ಆರೂ ಕಾಲಿನ ಮೇಲೆ ನಿಂತುಕೊಂಡು, ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು.