ಕತ್ತಿನ ಅಳತೆ

ಊರವರ ಮೈಯಳತೆ ತೆಗೆದೇ ತಲೆ ನೆರೆಸಿಕೊಂಡಿದ್ದ ದರ್ಜಿ, ಗಂಟಲಿನಲ್ಲಿ ಕ್ಯಾನ್ಸರ್ ಗಂಟು ಪತ್ತೆಯಾಗಿ ವಿಕಿರಣ ಚಿಕಿತ್ಸೆ ಶುರುವಾದ ಮೇಲೆ ತನ್ನ ಕತ್ತಿಗೇ ಟೇಪು ಹಿಡಿಯತೊಡಗಿದ. ಬೆಳಗಾದರೆ ಕನ್ನಡಿಯ ಮುಂದೆ ನಿಂತು ಅಳೆಯುವುದು, ಒಡಕು ದನಿಯಲ್ಲೇ ಹೆಂಡತಿಗೆ ಸುದ್ದಿ ಮುಟ್ಟಿಸುವುದು.

"ಮತ್ತೆ ಕಮ್ಮಿಯಾಗಿದೆ ಕಣೇ. ಗಂಟು ಕರಗ್ತಿದೆ."

ಅಳತೆಯ ವಿಷಯದಲ್ಲಿ ಅವನ ಜೊತೆ ವಾದಕ್ಕಿಳಿಯುವ ಗಂಡಸು ಆ ಬೀದಿಯಲ್ಲೇ ಇರಲಿಲ್ಲ, ಇನ್ನು ಹೆಂಡತಿ ಎಲ್ಲಿ ಇಳಿದಾಳು? ಖುಷಿಯಿಂದಲೇ ಅವನ ಅಂಗಿಗಳ ಕಾಲರ್ ಬಿಚ್ಚಿ ಚಿಕ್ಕದು ಮಾಡಿಕೊಟ್ಟಳು. ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದಾದಾಗ ಮೊದಮೊದಲು ದುಂಬಾಲು ಬಿದ್ದು ಕುಡಿಸುತ್ತಿದ್ದವಳು, ಟೇಪು ಒಳ್ಳೆಯ ಸುದ್ದಿ ಹೇಳತೊಡಗಿದ ಮೇಲೆ ಅವನು ಬೇಡವೆಂದರೆ ಲೋಟವನ್ನು ಸುಮ್ಮನೆ ಒಳಗೆ ಒಯ್ಯುತ್ತಿದ್ದಳು. ಮೂಗಿನಿಂದ ನಳಿಕೆ ಹಾಕಿ ಆಹಾರ ಕೊಡುತ್ತೇವೆಂದ ನರ್ಸಿಗೆ ದರ್ಜಿ, "ಗುಣ ಆಗ್ತಿರೋನಿಗೆ ಅದೆಲ್ಲ ಯಾಕಮ್ಮ?" ಎಂದುಬಿಟ್ಟ. ಯಂತ್ರದ ಕೆಳಗೆ ಅಲುಗಾಡದಂತೆ ಮುಖಕ್ಕೆ ಬಿಗಿಯುವ ಪ್ಲಾಸ್ಟಿಕ್ ಮುಖವಾಡ ಸಡಿಲವಾದಾಗಲೂ ಈ ಮಹಾರಾಯನಿಗೆ ಹಿಗ್ಗೇ.

ಚಿಕಿತ್ಸೆ ಅರ್ಧಕ್ಕೆ ಬಂದಾಗ ಮತ್ತೆ ಸ್ಕ್ಯಾನ್ ಮಾಡಿದರು. ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು. ಹೊಸದರಲ್ಲಿ ಕತ್ತು ಸಣ್ಣಗಾಗಿತ್ತು. ದರ್ಜಿಯ ಮುಖ ಅರಳಿತು. ಡಾಕ್ಟರ ಬೆರಳು ಮಾತ್ರ ಒಳಗಿನ ಬಿಳಿ ಮಚ್ಚೆಯ ಮೇಲೆ ನಿಂತಿತ್ತು.

"ಗಂಟು ಇದು. ಆಗ ಎಷ್ಟಿತ್ತೋ ಈಗ್ಲೂ ಅಷ್ಟೇ ಇದೆ. ಹೋಗಿರೋದು ಸುತ್ತ ಇದ್ದ ಮಾಂಸ. ನೀವು ಸರಿಯಾಗಿ ಊಟ ಮಾಡ್ತಿಲ್ಲ."

ದರ್ಜಿ ತನ್ನ ಕತ್ತನ್ನು ಮುಟ್ಟಿ ನೋಡಿಕೊಂಡ.

"ಉಳಿದ ಚಿಕಿತ್ಸೆಗೂ ಬಗ್ಗದಿದ್ರೆ ಧ್ವನಿಪೆಟ್ಟಿಗೆ ತೆಗೀಬೇಕಾಗುತ್ತೆ. ಈಗಿರೋ ಮೈಯಲ್ಲಿ ನೀವು ಆ ಆಪರೇಷನ್ ತಡ್ಕೊಳ್ಳಲ್ಲ."

ದರ್ಜಿ ತನ್ನ ಎರಡು ಕತ್ತುಗಳನ್ನೂ ನೋಡುತ್ತ ಕುಳಿತ. ಗಿರಾಕಿಯ ಹೊಟ್ಟೆ ಇಳಿದದ್ದು ವ್ಯಾಯಾಮದಿಂದಲೋ ಕಾಯಿಲೆಯಿಂದಲೋ ಎಂದು ಟೇಪು ಯಾವತ್ತೂ ಹೇಳಿದ್ದಿಲ್ಲ. ಅದು ಅವನಿಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಡತಿ ಎದ್ದು ಬಂದಳು. "ಎಷ್ಟು ಕರಗಿದೆಯಂತೆ?"

"ಗಂಟು ಹಾಗೇ ಇದೆ. ಕರಗಿದ್ದು ನಾನು."

ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಮೆಲ್ಲಗೆ, "ನೀವು ಬೇಡ ಅಂದಾಗ್ಲೆಲ್ಲ ಲೋಟ ಎತ್ಕೊಂಡು ಹೋದೋಳು ನಾನೇ ಅಲ್ವಾ?" ಎಂದಳು.

ಅಲ್ಲ ಎನ್ನಲು ಅವನು ಬಾಯಿ ತೆರೆದ. ದನಿ ಹೊರಡಲಿಲ್ಲ.