ನಡುಗಿದ್ದು ಯಾರ ಕಾಲು?

ಶಾಲೆಯ ಮಕ್ಕಳು ಅವರನ್ನು ‘ಮೆಲ್ಲಗೆ ಮಾಮ’ ಎಂದೇ ಕರೆಯುತ್ತಾರೆ. ಹತ್ತುವಾಗ ಮೆಲ್ಲಗೆ, ಇಳಿಯುವಾಗ ಮೆಲ್ಲಗೆ ಎನ್ನುವುದು ಅವರ ಬಾಯಿಪಾಠ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಆಮೇಲೆ ಬಾಡಿಗೆಗೆ ಕಾರು ಓಡಿಸುವುದು ಅವರ ಕಸುಬು. ಅಂಥವರು ಒಂದು ಭಾನುವಾರ ಊಟದ ನಡುವೆ, ಕಾರು ಮಾರಿಬಿಡೋಣ ಎಂದರು. ಹೆಂಡತಿಯ ತುತ್ತು ಕೈಯಲ್ಲೇ ಉಳಿಯಿತು.

ಯಾಕೆಂದು ಕೇಳಿದರೆ, ವಯಸ್ಸಾಯಿತು ಎಂದಷ್ಟೇ ಹೇಳಿ ಎದ್ದರು. ಆದರೆ ಇತ್ತೀಚೆಗೆ ಗಂಡ ಕುರ್ಚಿಯಲ್ಲಿ ಕೂತು ಬಲಗಾಲನ್ನೇ ದಿಟ್ಟಿಸುವುದು ಹೆಂಡತಿಯ ಕಣ್ಣು ತಪ್ಪಿರಲಿಲ್ಲ. ಸೀದಾ ತಮ್ಮ ತಂಗಿಯನ್ನು ಕರೆಸಿದರು. ತಂಗಿ ಕಾರು ಕಲಿಸುವ ಶಿಕ್ಷಕಿ. ಭಾವನ ಬಾಯಿ ಬಿಡಿಸುವುದರಲ್ಲೂ ಪಳಗಿದ ಕೈ.

ನಾದಿನಿ ಕೆಣಕಿ ಕೆಣಕಿ ಕೇಳಿದ ಮೇಲೆ ಭಾವ ಒಪ್ಪಿಕೊಂಡರು.

“ಬ್ರೇಕ್ ಒತ್ತಿದಾಗ ಕಾಲು ನಡುಗುತ್ತಮ್ಮ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಕೊನೆಗೆ ಲೋಟ ಹಿಡಿಯೋಕೂ ಆಗ್ತಿರಲಿಲ್ಲ. ನಾಳೆ ಮಕ್ಕಳಿಗೆ ಏನಾದ್ರೂ ಆದ್ರೆ?”

ಪಾಪ, ಈ ಭಯವನ್ನು ಅವರು ಒಬ್ಬರೇ ಹೊತ್ತುಕೊಂಡು ಓಡಾಡಿದ್ದರು.

ನಾದಿನಿ ನಗಲಿಲ್ಲ. ನಿಂತ ಕಾರಿನಲ್ಲೇ ಭಾವನಿಂದ ಬ್ರೇಕ್ ಒತ್ತಿಸಿದರು. ಕಾಲು ಅಲುಗಲಿಲ್ಲ. ಆಮೇಲೆ ತಾವೇ ಸ್ಟಿಯರಿಂಗ್ ಹಿಡಿದು, ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ರಸ್ತೆಗೆ ಹೊರಟರು. ಸ್ವಲ್ಪ ವೇಗ ಹಿಡಿದು, ಹಿಂದೆ ಯಾರೂ ಇಲ್ಲವೆಂದು ನೋಡಿ, ಹದವಾಗಿ ಬ್ರೇಕ್ ಒತ್ತಿದರು. ಪೆಡಲ್ ಅದುರಿತು. ಸ್ಟಿಯರಿಂಗ್ ಕೈಯಲ್ಲೇ ಗಡಗಡ ಅಂದಿತು.

“ನನ್ನ ಕಾಲೂ ನಡುಗ್ತಿದೆ ಭಾವ. ಇಬ್ಬರಿಗೂ ಒಂದೇ ದಿನ ವಯಸ್ಸಾಯ್ತಾ?”

ಭಾವ ಬಗ್ಗಿ ನಾದಿನಿಯ ಕಾಲನ್ನೇ ನೋಡಿದರು.

ನಾದಿನಿ ಬಿಡಿಸಿ ಹೇಳಿದರು. ಬ್ರೇಕ್ ಒತ್ತಿದಾಗ ಮಾತ್ರ ನಡುಕ ಬಂದರೆ, ಹೆಚ್ಚಾಗಿ ದೋಷ ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿನದು. ಸ್ಟಿಯರಿಂಗ್ ಅದುರಿದರೆ ಮೊದಲು ಮುಂದಿನ ಚಕ್ರ ನೋಡಬೇಕು, ಸೀಟು ಅದುರಿದರೆ ಹಿಂದಿನದು. ಬ್ರೇಕ್ ಮುಟ್ಟದಿದ್ದರೂ ನಡುಗಿದರೆ ಟೈರಿನ ಕಡೆ ನೋಡಬೇಕು.

ಚಕ್ರದಲ್ಲಿ ದೋಷವೆಂದರೆ ಭಾವನಿಗೆ ಇನ್ನೂ ಅನುಮಾನ. ಪಂಕ್ಚರ್ ಆದಾಗ ಮುಂದಿನ ಚಕ್ರವನ್ನು ನಾನೇ ಬಿಚ್ಚಿ ಹಾಕಿದ್ದೆ, ನಟ್ಟು ಸಡಿಲವಾಗಬಾರದೆಂದು ಸ್ಪ್ಯಾನರಿನ ಮೇಲೆ ನಿಂತು ಕುಣಿದಿದ್ದೆ ಎಂದು ಹೆಮ್ಮೆಯಿಂದಲೇ ಹೇಳಿದರು.

ಗ್ಯಾರೇಜಿನಲ್ಲಿ ಆ ಚಕ್ರವನ್ನೇ ಬಿಚ್ಚಿದರು. ನಟ್ಟುಗಳಲ್ಲಿ ಒಂದು ವಿಪರೀತ ಬಿಗಿ, ಇನ್ನೊಂದು ಸಡಿಲ. ಬಿಗಿ ಸಮನಾಗಿಲ್ಲದೆ ಡಿಸ್ಕ್ ಸೊಟ್ಟಗೆ ಕೂತು ಓಲಾಡುತ್ತಿತ್ತು, ಒಂದು ಕಡೆ ಸವೆದೂ ಹೋಗಿತ್ತು. ಮೆಕ್ಯಾನಿಕ್ ಮುಂದಿನ ಡಿಸ್ಕುಗಳನ್ನೂ ಪ್ಯಾಡುಗಳನ್ನೂ ಬದಲಿಸಿ, ಬಿಗಿ ಅಳೆಯುವ ಸ್ಪ್ಯಾನರಿನಿಂದ ನಟ್ಟುಗಳನ್ನು ಎದುರುಬದುರಾಗಿ, ಒಂದೇ ಸಮನಾಗಿ ಬಿಗಿದರು.

“ಎಲ್ಲದಕ್ಕೂ ಮೆಲ್ಲಗೆ ಅನ್ನೋರು, ಅಲ್ಲೊಂದು ಕಡೆ ಮರೆತ್ರಲ್ಲ ಭಾವ” ಎಂದರು ನಾದಿನಿ.

ಅಷ್ಟರಲ್ಲಿ ಹೆಂಡತಿಯೂ ಗ್ಯಾರೇಜಿಗೆ ಬಂದಿದ್ದರು. ಮನೆಗೆ ಕಾರು ಓಡಿಸಿದ್ದು ಭಾವನೇ. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಸೀಟಿನಿಂದ ಹೆಂಡತಿ, ನಡುಗಿತಾ ಎಂದು ಕೇಳಿದರು. ಇಲ್ಲ ಎನ್ನುವಾಗ ಗಂಡನ ದನಿ ಮಾತ್ರ ಸ್ವಲ್ಪ ನಡುಗಿತು. ಮಾರುವ ಮಾತು ಮತ್ತೆ ಬರಲಿಲ್ಲ.

ಬ್ರೇಕ್ ಒತ್ತಿದಾಗ ನಿಮ್ಮ ಗಾಡಿಯೂ ನಡುಗುತ್ತಿದೆಯೇ? ಹಳೇ ಗಾಡಿ ಎಂದೋ, ನನ್ನದೇ ಕಾಲು ಎಂದೋ ನುಂಗಿಕೊಂಡು ಕೂರಬೇಡಿ. ಮನೆಯವರಿಗೆ ಹೇಳಿ, ಇವತ್ತೇ ಮೆಕ್ಯಾನಿಕ್‌ಗೆ ತೋರಿಸಿ. ಸರಿಯಾಗುವ ತನಕ ಅದರಲ್ಲಿ ಯಾರನ್ನೂ ಹತ್ತಿಸಬೇಡಿ. ಹಿಂದಿನ ಸೀಟಿನವರು ನಿಮ್ಮನ್ನು ನಂಬಿ ಕೂರುತ್ತಾರೆ.