ಮುಚ್ಚಿದ ಬಾಗಿಲ ಊಟ

ನಮ್ಮ ಟೊಂಗಾದವರಲ್ಲಿ ಸೋದರತ್ತೆಯ ಮಾತೇ ಮಾತು, ಎದುರಾಡುವವರಿಲ್ಲ. ಆಕ್ಲೆಂಡಿಗೆ ಬಂದು ಇಪ್ಪತ್ತು ವರ್ಷವಾದರೂ ಆ ಪಟ್ಟವನ್ನು ನಾನು ಬಿಟ್ಟುಕೊಟ್ಟಿರಲಿಲ್ಲ.

ನನ್ನ ತಮ್ಮ ಇಸಿಲೇಲಿಯ ಮಗಳು ಲತಾಯ್. ಹತ್ತು ವರ್ಷಕ್ಕೇ ಎರಡೂ ಮೂತ್ರಪಿಂಡ ಕೈಕೊಟ್ಟವು. ಹೊಟ್ಟೆಗೆ ಕೂರಿಸಿದ ನಳಿಕೆಯಿಂದ ದಿನವೂ ಮನೆಯಲ್ಲೇ ಡಯಾಲಿಸಿಸ್. ಫೆಬ್ರವರಿಯಲ್ಲಿ, ರಕ್ತದಲ್ಲಿ ಕೊಬ್ಬು ಹೆಚ್ಚಿದೆ ಎಂದು ಆಸ್ಪತ್ರೆಯಿಂದ ಪತ್ರ ಬಂತು. ಮುಂದಿನದನ್ನು ಯಾರನ್ನೂ ಕೇಳದೆ ನಾನೇ ತೀರ್ಮಾನಿಸಿದೆ. ಭಾನುವಾರ ಚರ್ಚಿನಿಂದ ಬಂದು ನಾವೆಲ್ಲ ಲೂ ತಿನ್ನುವಾಗ, ಆ ಕೆಸುವಿನೆಲೆಯ ಪೊಟ್ಟಣ ಬಿಚ್ಚಿದೊಡನೆ ಬರುವ ತೆಂಗಿನಹಾಲು, ಮಾಂಸದ ಘಮಕ್ಕೆ ಮಗು ಆಸೆಪಡಬಾರದಲ್ಲ? ಅವಳ ಪಥ್ಯದ ಕೋಳಿ ಅನ್ನದ ತಟ್ಟೆಯನ್ನು ಒಳಕೋಣೆಗೆ ಕಳಿಸಿ ಬಾಗಿಲು ಹಾಕಿಸಿದೆ. ಬರಬರುತ್ತಾ ದಿನದ ಊಟವೂ ಅಲ್ಲೇ ಆಯಿತು. ತಾಯಿ ಕಲೋ ಆ ಬಾಗಿಲನ್ನೇ ನೋಡುತ್ತಾ ಉಣ್ಣುತ್ತಿದ್ದಳು.

ಮೇ ತಿಂಗಳ ರಕ್ತಪರೀಕ್ಷೆಯಲ್ಲಿ ನೋಡಿದರೆ ಕೊಬ್ಬು ಇನ್ನೂ ಏರಿತ್ತು.

"ಕದ್ದು ತಿಂದ್ಯೇನೇ?"

ಲತಾಯ್ ನೆಲ ನೋಡಿದಳು. "ಹೂಂ ಅತ್ತೆ. ಫ್ರಿಜ್ಜಲ್ಲಿದ್ದ ಲೂ."

ಚೆನ್ನಾಗಿ ಬೈದೆ. ಕಾರಣ ಸಿಕ್ಕಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಲಿ.

ತಾಯಿ ಮಗಳ ಜೊತೆ ಆಸ್ಪತ್ರೆಗೆ ಹೋದಾಗ ಇದನ್ನೇ ಜಂಬದಿಂದ ಒದರಿದೆ. ನರ್ಸ್ ಪೆನ್ನು ಕೆಳಗಿಟ್ಟಳು. "ಊಟದ್ದೊಂದೇ ಅಲ್ಲಮ್ಮ. ಇಂಥ ಮಕ್ಕಳಿಗೆ ಕಾಯಿಲೆಯಿಂದ್ಲೇ ಕೊಬ್ಬು ಏರುತ್ತೆ. ಡಯಾಲಿಸಿಸ್‌ಗೆ ಅಂತ ಹೊಟ್ಟೆಗೆ ಬಿಡೋ ನೀರಲ್ಲಿ ಸಕ್ಕರೆ ಇರುತ್ತಲ್ಲ, ಅದೂ ಏರಿಸುತ್ತೆ. ಏನೂ ತಿನ್ನದಿದ್ರೂ ಏರಬಹುದು."

ಆಗ ಕಲೋ ಮೊದಲ ಸಲ ನನಗೆ ಎದುರಾಡಿದಳು. "ಫ್ರಿಜ್ಜಲ್ಲಿ ಲೂ ಯಾವತ್ತು ಉಳಿದಿತ್ತು ಅಕ್ಕಾ? ನಿಮ್ಮ ತಮ್ಮ ಎಲೆ ಸಮೇತ ನೆಕ್ತಾರೆ."

ನಾನು ಲತಾಯ್ ಕಡೆ ತಿರುಗಿದೆ. "ಮತ್ಯಾಕೆ ತಿಂದೆ ಅಂದೆ?"

"ನಾನು ತಿಂದಿದ್ದಕ್ಕೇ ಏರಿದ್ರೆ, ತಿನ್ನೋದು ಬಿಡಬಹುದಲ್ಲ ಅತ್ತೆ. ಬಿಟ್ರೆ ಕಮ್ಮಿ ಆಗುತ್ತೆ. ಕಮ್ಮಿ ಆದ್ರೆ ನೀವು ಬಾಗಿಲು ತೆಗೀತೀರಿ."

ಬಸ್ಸಿನಲ್ಲಿ ಮನೆಗೆ ಬರುವಷ್ಟೂ ಹೊತ್ತು ನನಗೆ ಅವಳ ಮುಖ ನೋಡಲಾಗಲಿಲ್ಲ.

ಭಾನುವಾರ ಮೇಜಿನ ಮೇಲೆ ಅವಳ ತಟ್ಟೆಯನ್ನು ನನ್ನ ಪಕ್ಕದಲ್ಲೇ ಇಟ್ಟೆ. ಲತಾಯ್ ಬಂದಳು, ತಟ್ಟೆ ಎತ್ತಿಕೊಂಡಳು, ರೂಢಿಯಂತೆ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ನಾನು ಲೂ ಬಿಟ್ಟು ಒಂದಿಷ್ಟು ಕೋಳಿ ಅನ್ನ ಬಡಿಸಿಕೊಂಡು ಎದ್ದೆ. ಆ ಬಾಗಿಲು ತಟ್ಟಿ, ಒಳಗೆ ಬರಲಾ ಎಂದು ಕೇಳಿದೆ.